ಹವ್ಯಾಸದ ಕೂಟಗಳಿಗೆ ಜನ ಸೇರುವುದೇಕೆ?

ಉದ್ಯೋಗ ನಿಮಿತ್ತ ಹುಟ್ಟೂರನ್ನು ತೊರೆದು ಈ ಮಹಾನಗರದ ಸೆರಗಿನಲ್ಲಿ ನೆಲೆಸಿರುವ ನಮ್ಮಂಥವರ ದಿನಚರಿಯನ್ನು ಪರಸ್ಥಳದವರಾರಾದರೂ ಪರಿಶೀಲಿಸಿದರೆ ಅವರಿಗೆ ಒಂದು ಸಂಗತಿ ಸುಲಭವಾಗಿ ಅರ್ಥವಾಗಲಾರದು. ಮುಂಜಾನೆ ಐದೂವರೆಗೆ ಎದ್ದು, ಡೊಂಬಿವಲಿಯಲ್ಲಿ ಲೋಕಲ್ ಗಾಡಿ ಹಿಡಿದು, ಒಂದು ಗಂಟೆಗೂ ಮೀರಿ ನಿಂತುಕೊಂಡೇ ಪ್ರಯಾಣ ಮಾಡಿ, ದಿನವಿಡೀ ದುಡಿದು, ಸಂಜೆ ಅದೇ ನೂಕುನುಗ್ಗಲಿನಲ್ಲಿ ಮರಳಿ ಬರುವ ಮನುಷ್ಯನು ಮನೆಗೆ ಬಂದು ಕಾಲು ಚಾಚಬೇಕಷ್ಟೆ. ಅದನ್ನು ಬಿಟ್ಟು ಆತ ಊಟವನ್ನು ಮುಂದಕ್ಕೆ ಹಾಕಿ ಯಕ್ಷಗಾನದ ಅಭ್ಯಾಸಕ್ಕೆ ಹೋಗುತ್ತಾನೆ. ಇನ್ನೊಬ್ಬನು ರಾತ್ರಿ ಹನ್ನೊಂದು ಗಂಟೆಗೆ ಗಣಕಯಂತ್ರದ ಮುಂದೆ ಕುಳಿತು ತನ್ನ ಊರಿನ ಕೆರೆಯನ್ನು ಕುರಿತ ವಿಕಿಪೀಡಿಯ ಲೇಖನವನ್ನು ತಿದ್ದುತ್ತಾನೆ. ಮತ್ತೊಬ್ಬಾಕೆ ತಾರಸಿಯ ಮೇಲಿನ ಬಸಳೆ ಬಳ್ಳಿಯ ಎಲೆಗೆ ಹುಳು ಬಿದ್ದುದನ್ನು ಛಾಯಾಚಿತ್ರ ತೆಗೆದು, ಎಂದೂ ಮುಖ ನೋಡದ ನೂರಾರು ಜನರಿಗೆ ವಾಟ್ಸ್ಆ್ಯಪ್‌ನಲ್ಲಿ ಕಳುಹಿಸಿ ಉತ್ತರಕ್ಕಾಗಿ ಕಾಯುತ್ತಾಳೆ. ಇವರಾರಿಗೂ ಸಂಬಳವಿಲ್ಲ, ಭತ್ಯೆಯಿಲ್ಲ, ಬಡ್ತಿಯ ಆಸೆಯಂತೂ ಮೊದಲೇ ಇಲ್ಲ.

ಮನುಷ್ಯನು ಪ್ರತಿಫಲವಿಲ್ಲದೆ ಶ್ರಮವನ್ನು ವ್ಯಯ ಮಾಡುವುದಿಲ್ಲ ಎಂಬ ಪಾಠವನ್ನು ವಾಣಿಜ್ಯಶಾಸ್ತ್ರದ ವಿದ್ಯಾರ್ಥಿಗಳಾಗಿ ನಾವು ಮೊದಲ ವರ್ಷದಲ್ಲಿಯೇ ಓದಿದೆವು. ಹಾಗಾದರೆ ಇಲ್ಲಿ ದೊರೆಯುವ ಪ್ರತಿಫಲ ಯಾವುದು? ಈ ಪ್ರಶ್ನೆಯನ್ನು ಒಂದಿಷ್ಟು ಬಿಡಿಸಿ ನೋಡುವುದೇ ಪ್ರಸ್ತುತ ಲೇಖನದ ಉದ್ದೇಶ. ಸ್ಮರಣ ಸಂಚಿಕೆಯ ಆರೋಗ್ಯ ವಿಭಾಗದಲ್ಲಿ ರಕ್ತದೊತ್ತಡ, ಮಧುಮೇಹಗಳನ್ನು ಕುರಿತು ಬರೆಯುವ ಅಧಿಕಾರ ವೈದ್ಯರದು. ಬ್ಯಾಂಕಿನ ಅಧಿಕಾರಿಯಾದ ನಾನು ಆ ಕ್ಷೇತ್ರಕ್ಕೆ ಕೈಹಾಕಲಾರೆ. ಆದರೆ ಒಂಟಿತನವೆಂಬುದು ಬ್ಯಾಂಕಿನ ಕೌಂಟರಿನ ಒಳಗೆ ಕುಳಿತವನಿಗೂ ಕಾಣಿಸುವ ವ್ಯಾಧಿ. ನಮ್ಮ ಶಾಖೆಗೆ ವಾರಕ್ಕೆ ಮೂರು ಸಲ ಪಾಸ್‌ಬುಕ್ ಮುದ್ರಿಸಿಕೊಳ್ಳಲು ಬರುವ ನಿವೃತ್ತರಿದ್ದಾರೆ. ಅವರ ಖಾತೆಗೆ ತಿಂಗಳಿಗೊಮ್ಮೆ ಪಿಂಚಣಿ ಜಮೆಯಾಗುವುದು, ಒಮ್ಮೆ ವಿದ್ಯುತ್ ಬಿಲ್ಲಿನ ಹಣ ಕಡಿತವಾಗುವುದು. ಅದಕ್ಕಿಂತ ಹೆಚ್ಚಿನ ವಹಿವಾಟಿಲ್ಲ. ಯಂತ್ರವು ಒಂದು ಸಾಲನ್ನೂ ಮುದ್ರಿಸದೆ ಪುಸ್ತಕವನ್ನು ಹೊರಗೆ ತಳ್ಳುತ್ತದೆ. ಆದರೂ ಅವರು ಕುರ್ಚಿಯಲ್ಲಿ ಕುಳಿತು, ಊರ ಕಡೆ ಮಳೆ ಹೇಗಂತೆ ಎಂದು ವಿಚಾರಿಸಿ, ಒಂದು ಲೋಟ ನೀರು ಕುಡಿದು ಹೊರಡುವರು. ಅವರು ಬಂದದ್ದು ಲೆಕ್ಕ ನೋಡುವುದಕ್ಕಲ್ಲವೆಂಬುದು ನಮಗೂ ಗೊತ್ತು, ಅವರಿಗೂ ಗೊತ್ತು.

ಇದನ್ನು ಕೇವಲ ಮನಸ್ಸಿನ ಕೊರಗು ಎಂದು ತಳ್ಳಿಹಾಕುವ ಕಾಲ ಹಿಂದಾಯಿತು. 2010ರಲ್ಲಿ ಅಮೆರಿಕದ ಜೂಲಿಯನ್ ಹೋಲ್ಟ್ ಲನ್‌ಸ್ಟಾಡ್ ಮತ್ತು ಅವರ ಸಹೋದ್ಯೋಗಿಗಳು 148 ಅಧ್ಯಯನಗಳನ್ನು, ಅಂದರೆ ಮೂರು ಲಕ್ಷಕ್ಕೂ ಮಿಕ್ಕ ಜನರ ವಿವರಗಳನ್ನು ಒಟ್ಟುಗೂಡಿಸಿ ಪರಿಶೀಲಿಸಿದರು. ಜನಸಂಪರ್ಕ ಗಟ್ಟಿಯಾಗಿರುವವರು ಅಧ್ಯಯನದ ಅವಧಿಯಲ್ಲಿ ಬದುಕುಳಿಯುವ ಸಂಭವ ಇತರರಿಗಿಂತ ಶೇಕಡಾ 50ರಷ್ಟು ಹೆಚ್ಚೆಂದು ಅವರಿಗೆ ಕಂಡುಬಂತು. 2023ರಲ್ಲಿ ಅಮೆರಿಕದ ಸರ್ಜನ್ ಜನರಲ್ ಆಗಿದ್ದ ಡಾ. ವಿವೇಕ್ ಮೂರ್ತಿಯವರು ಒಂಟಿತನವನ್ನು ಸಾಂಕ್ರಾಮಿಕವೆಂದೇ ಕರೆದು ದೇಶಕ್ಕೆ ಎಚ್ಚರಿಕೆ ನೀಡಿದರು. ಇವರ ಮನೆತನ ಮಂಡ್ಯ ಜಿಲ್ಲೆಯ ಹಲ್ಲೇಗೆರೆಯದೆಂಬುದು ನಮಗೆ ಅಭಿಮಾನದ ವಿಷಯ. ವಿಶ್ವ ಆರೋಗ್ಯ ಸಂಸ್ಥೆಯು 2025ರ ಜೂನ್ ತಿಂಗಳಿನಲ್ಲಿ ಪ್ರಕಟಿಸಿದ ವರದಿಯ ಪ್ರಕಾರ ಜಗತ್ತಿನಲ್ಲಿ ಆರು ಜನರಲ್ಲೊಬ್ಬರು ಒಂಟಿತನದಿಂದ ಬಾಧಿತರು. ಅದರೊಂದಿಗೆ ಸಂಬಂಧವಿರುವ ಸಾವುಗಳು ವರ್ಷಕ್ಕೆ 8,71,000ಕ್ಕೂ ಹೆಚ್ಚೆಂದು ಅದರ ಅಂದಾಜು.

ಹವ್ಯಾಸದ ಮಾತಿಗೆ ಬಂದರೆ, 2023ರಲ್ಲಿಯೇ ಪ್ರಕಟವಾದ ಇನ್ನೊಂದು ಅಧ್ಯಯನವು 16 ದೇಶಗಳ 65 ವರ್ಷ ದಾಟಿದ 93,263 ಮಂದಿಯನ್ನು ಹಲವು ವರ್ಷಗಳ ಕಾಲ ಗಮನಿಸಿತ್ತು. ಹವ್ಯಾಸವುಳ್ಳವರಲ್ಲಿ ಖಿನ್ನತೆಯ ಲಕ್ಷಣಗಳು ಕಡಿಮೆ, ಬಾಳಿನ ಬಗೆಗಿನ ಸಮಾಧಾನ ಹೆಚ್ಚು ಎಂಬುದು ಅದರ ಸಾರಾಂಶ. ಆ 16 ದೇಶಗಳಲ್ಲಿ ನಮ್ಮದು ಇರಲಿಲ್ಲ. ಆರೋಗ್ಯವಂತರೇ ಹವ್ಯಾಸಗಳನ್ನು ಹಚ್ಚಿಕೊಳ್ಳುವುದರಿಂದ ಲೆಕ್ಕ ಹೀಗೆ ಬಂದಿರಬಹುದಲ್ಲವೇ ಎಂದು ಚಿಕಿತ್ಸಕ ಬುದ್ಧಿಯ ವಾಚಕರು ಕೇಳಬಹುದು. ಪ್ರಶ್ನೆ ನ್ಯಾಯವಾದದ್ದೇ. ಇಂಥ ಅಧ್ಯಯನಗಳು ಆ ಸಂದೇಹವನ್ನು ತಗ್ಗಿಸುತ್ತವೆಯೇ ಹೊರತು ಪೂರ್ತಿಯಾಗಿ ನಿವಾರಿಸುವುದಿಲ್ಲ.

ಹವ್ಯಾಸಕ್ಕಾಗಿ ಕೂಡುವುದು ಇಂದಿನ ಸಂಪ್ರದಾಯವೇನಲ್ಲ. ಮುಂಬಯಿಯಲ್ಲಿ 1883ರಲ್ಲಿ ಎಂಟು ಮಂದಿ ನಿಸರ್ಗಪ್ರಿಯರು ಸೇರಿ ಕಟ್ಟಿಕೊಂಡ ಕೂಟವೇ ಇಂದಿನ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿ. ನಮ್ಮ ಕರಾವಳಿಯಿಂದ ಬಂದ ಹೋಟೆಲ್ ಕಾರ್ಮಿಕರು ಹಗಲು ತಟ್ಟೆ ತೊಳೆದು, ರಾತ್ರಿಶಾಲೆಯಲ್ಲಿ ಅಕ್ಷರ ಕಲಿತು, ಉಳಿದ ವೇಳೆಯಲ್ಲಿ ಗೆಜ್ಜೆ ಕಟ್ಟಿ ಯಕ್ಷಗಾನವನ್ನು ಈ ಊರಿನಲ್ಲಿ ಬೆಳೆಸಿದರು. 1926ರ ಮೈಸೂರು ಅಸೋಸಿಯೇಶನ್, 1933ರ ಕರ್ನಾಟಕ ಸಂಘ ಮೊದಲಾದವು ಹಾಡು, ನಾಟಕ, ಸಾಹಿತ್ಯಗಳ ಹವ್ಯಾಸಿಗಳಿಗೆ ತಾವು ಕೊಟ್ಟ ಆಸರೆಯಿಂದಲೇ ಇಷ್ಟು ಕಾಲ ಬಾಳಿವೆಯೆಂದು ನನ್ನ ನಂಬಿಕೆ.

ಮುಖ ನೋಡದವರ ಕೂಟವೂ ಹೊಸದಲ್ಲ. 1952ರಲ್ಲಿ ರೇಡಿಯೋ ಸಿಲೋನಿನಿಂದ ಬಿನಾಕಾ ಗೀತಮಾಲಾ ಆರಂಭವಾದ ಮೇಲೆ ದೇಶದ ಮೂಲೆಮೂಲೆಗಳಲ್ಲಿ ಶ್ರೋತೃ ಸಂಘಗಳು ಹುಟ್ಟಿಕೊಂಡುವು. ಝುಮ್ರಿ ತಲೈಯಾ ಎಂಬ ಚಿಕ್ಕ ಗಣಿ ಪಟ್ಟಣವು ಚಿತ್ರಗೀತೆಗಳ ಕೋರಿಕೆಯಿಂದಲೇ ದೇಶಪ್ರಸಿದ್ಧವಾಯಿತು. ಅಲ್ಲಿಯವರು ಕೋರಿದ ಹಾಡು ಇತರರ ಕೋರಿಕೆಯಿಂದಲೂ ಪ್ರಸಾರವಾಗುತ್ತಿತ್ತು. ಅಂಚೆಯ ಖರ್ಚು ಮಾಡದೆಯೂ ಅದನ್ನು ಕೇಳಬಹುದಾಗಿತ್ತು. ಆದರೂ ಕಾರ್ಡು ಬರೆದುದು ತಮ್ಮ ಹೆಸರನ್ನು ಅಷ್ಟು ದೂರದಿಂದ ಯಾರೋ ಒಬ್ಬರು ಓದಿ ಹೇಳುವರೆಂಬ ಆಸೆಯಿಂದ. ಇಂದು ಫೋನಿನ ಪರದೆಯ ಮೇಲೆ ತಾವು ಕಳುಹಿಸಿದ ಚಿತ್ರಕ್ಕೆ ನಾಲ್ಕು ಜನ ಹೆಬ್ಬೆರಳೆತ್ತಿ ತೋರಿಸಿದುದನ್ನು ಮತ್ತೆ ಮತ್ತೆ ನೋಡಿಕೊಳ್ಳುವವರನ್ನು ಕಂಡು ನಗುವ ಹಿರಿಯರು ತಮ್ಮ ಕಾಲದ ಆ ಕಾರ್ಡುಗಳನ್ನು ನೆನಪಿಸಿಕೊಳ್ಳಬೇಕು.

ನನ್ನ ಅಲ್ಪ ಅನುಭವದಲ್ಲಿ, ಕೂಟಕ್ಕೆ ಸೇರುವ ಕಾರಣ ಬೇರೆ, ಅಲ್ಲಿ ಉಳಿಯುವ ಕಾರಣ ಬೇರೆ. ಸೇರುವಾಗ ಪ್ರತಿಯೊಬ್ಬರಿಗೂ ಒಂದು ಚಿಕ್ಕ ಗರಜು ಇರುತ್ತದೆ. ಕಲಿಯಬೇಕು, ಕೇಳಬೇಕು, ಸಿಗದಿದ್ದುದನ್ನು ಪಡೆಯಬೇಕು. ನಮ್ಮ ಎಂ.ಐ.ಡಿ.ಸಿ. ನಿವಾಸಿ ವಿಭಾಗದ ತಾರಸಿ ತೋಟದವರ ಕೂಟವನ್ನೇ ನೋಡೋಣ. 2014ರ ಜನವರಿಯಲ್ಲಿ ಹಸಿರು ಬಣ್ಣದ ಮಳೆ ಬಿದ್ದು ದೇಶದ ವೃತ್ತಪತ್ರಿಕೆಗಳಲ್ಲೆಲ್ಲ ಹೆಸರಾದ ಊರು ನಮ್ಮದು. ಇಂಥ ಗಾಳಿಯಲ್ಲಿ ಬಸಳೆ, ಕೆಸು, ಕರಿಬೇವುಗಳನ್ನು ಬೆಳೆಯಹೊರಟವರಿಗೆ ಸಂದೇಹಗಳಿಗೆ ಕೊರತೆಯೇ? ಎಲೆಯ ಮೇಲಿನ ಬಿಳಿ ಪುಡಿ ರೋಗವೋ, ಕಾರ್ಖಾನೆಯ ಧೂಳೋ ಎಂದು ಕೇಳಲು ಜನ ಬರುತ್ತಾರೆ. ಉತ್ತರ ಸಿಕ್ಕಿದ ಮೇಲೆ ಹೊರಟು ಹೋಗಬೇಕಲ್ಲವೇ? ಅನೇಕರು ಹೋಗುವುದೂ ಉಂಟು. ಕೆಲವರು ಮಾತ್ರ ಉಳಿಯುತ್ತಾರೆ. ಉಳಿದವರನ್ನು ನಾನು ಗಮನಿಸಿದ್ದೇನೆ. ಅವರಿಗೆ ಉತ್ತರ ಹೇಳಿದವರು ಹದಿನೈದು ದಿನ ಬಿಟ್ಟು, “ನಿಮ್ಮ ಬಸಳೆ ಈಗ ಹೇಗಿದೆ?” ಎಂದು ತಾವಾಗಿ ವಿಚಾರಿಸಿರುತ್ತಾರೆ. ಇಲ್ಲವೇ, ಬಳ್ಳಿ ಹಬ್ಬಿದ ಮೇಲೆ ಅದರ ಕಡ್ಡಿಗಳನ್ನು ಇನ್ನೊಬ್ಬರಿಗೆ ಕೊಡಿರೆಂದು ಕೇಳಿರುತ್ತಾರೆ. ಪಡೆಯಲು ಬಂದವರು ಕೊಡುವವರಾದ ಆ ಘಳಿಗೆಯಿಂದ ಅವರ ಕಾಲು ಅಲ್ಲಿ ಊರಿತೆಂದೇ ತಿಳಿಯಬೇಕು.

ಇದಕ್ಕೆ ಇನ್ನೂ ಸ್ಪಷ್ಟವಾದ ನಿದರ್ಶನ ನಮ್ಮ ಲೋಕಲ್ ಗಾಡಿಗಳ ಭಜನಾ ಮಂಡಳಿಗಳಲ್ಲಿದೆ. ಮಧ್ಯ ರೈಲ್ವೆಯಲ್ಲಿ ಪ್ರಯಾಣ ಮಾಡುವ ಯಾರಿಗೂ ಇವುಗಳ ಪರಿಚಯ ಹೇಳಬೇಕಾಗಿಲ್ಲ. ನಿಶ್ಚಿತ ಗಾಡಿ, ನಿಶ್ಚಿತ ಡಬ್ಬಿ, ನಿಶ್ಚಿತ ಬಾಗಿಲು. ತಾಳ ಹೊರಬರುತ್ತದೆ, ಯಾರೋ ಅಭಂಗವನ್ನೆತ್ತಿಕೊಳ್ಳುತ್ತಾರೆ, ನಡುವೆ ನಮ್ಮವರೊಬ್ಬರು ದಾಸರ ಪದವನ್ನೂ ಹಾಡುತ್ತಾರೆ. (ರಾತ್ರಿಪಾಳಿ ಮುಗಿಸಿ ಒಂದು ಕ್ಷಣ ಕಣ್ಣು ಮುಚ್ಚಬೇಕೆನ್ನುವ ಸಹಪ್ರಯಾಣಿಕರ ದೂರೂ ನ್ಯಾಯವಾದದ್ದೇ ಎಂಬುದನ್ನು ಇಲ್ಲಿಯೇ ಹೇಳಿಬಿಡುತ್ತೇನೆ.) ಇಂಥದೊಂದು ಮಂಡಳಿಯಲ್ಲಿ ಧಾರವಾಡದ ಕಡೆಯ ಒಬ್ಬ ಹಿರಿಯರಿದ್ದಾರೆ. ಕಾರ್ಖಾನೆಯೊಂದರಲ್ಲಿ ಫಿಟ್ಟರ್ ಆಗಿದ್ದು ನಿವೃತ್ತರಾದವರು. ಅನಂತರ ಠಾಣೆಯಲ್ಲಿ ಒಂದು ಗೋದಾಮಿನ ಲೆಕ್ಕಪತ್ರ ನೋಡಲು ಹೋಗುತ್ತಿದ್ದರು. ಅವರಿಗೆ ಹಾಡಲು ಬಾರದು. ಶ್ರುತಿಯೂ ಇಲ್ಲ, ಲಯವೂ ಇಲ್ಲ. ಮೊದಮೊದಲು ಬಾಗಿಲ ಬಳಿ ನಿಂತು ಕೇಳುತ್ತಿದ್ದರಷ್ಟೆ. ಒಂದು ದಿನ ತಾಳದ ಜೋಡಿಯೊಂದರ ದಾರ ಹರಿಯಿತು. ಇವರು ಅದನ್ನು ಮನೆಗೆ ಒಯ್ದು, ಹೊಸ ದಾರ ಪೋಣಿಸಿ, ಹಿತ್ತಾಳೆಯನ್ನು ಉಜ್ಜಿ ಫಳಫಳ ಮಾಡಿ ತಂದರು. ಅಂದಿನಿಂದ ತಾಳದ ಚೀಲ ಅವರ ವಶಕ್ಕೆ ಬಂತು. ಚೀಲವಿಲ್ಲದೆ ಭಜನೆಯಿಲ್ಲ, ಆದ್ದರಿಂದ ಅವರಿಲ್ಲದೆಯೂ ಇಲ್ಲ.

ಒಂದು ಮಳೆಗಾಲದಲ್ಲಿ ಎರಡು ದಿನ ಚೀಲ ಬರಲಿಲ್ಲ. ಮೂರನೆಯ ದಿನ ಮಂಡಳಿಯ ಗದುಗಿನವರೊಬ್ಬರು ಗಾಡಿಯಿಂದಲೇ ಫೋನು ಮಾಡಿ, “ಯಾಕ್ರೀ ರಾಯರ, ತಾಳದ ಚೀಲ ಬಂದೇ ಇಲ್ಲಲ್ರೀ?” ಎಂದು ಕೇಳಿದರು. ಉತ್ತರಿಸಿದ ದನಿ ಸರಿಯಿರಲಿಲ್ಲ. ಪತ್ನಿಯವರು ಮಗಳ ಬಾಣಂತನಕ್ಕೆಂದು ಹುಬ್ಬಳ್ಳಿಗೆ ಹೋಗಿದ್ದರು. ಇಬ್ಬರು ಮುಂದಿನ ನಿಲ್ದಾಣದಲ್ಲಿ ಇಳಿದು, ಅಂದಿನ ರಜೆ ಬರೆದುಕೊಟ್ಟು, ಅವರ ಮನೆಗೆ ಹೋಗಿ ಆಸ್ಪತ್ರೆಗೆ ಸೇರಿಸಿದರು. ಡೆಂಗ್ಯೂ ಜ್ವರವಾಗಿತ್ತು. ಇನ್ನೆರಡು ದಿನ ತಡವಾಗಿದ್ದರೆ ಕಷ್ಟವಾಗುತ್ತಿತ್ತೆಂದು ವೈದ್ಯರು ಹೇಳಿದರಂತೆ. ಇಲ್ಲಿ ಗಮನಿಸತಕ್ಕ ವಿಷಯವೊಂದಿದೆ. ಅವರು ವಾಸಿಸುವ ಕಟ್ಟಡದಲ್ಲಿ ಇಪ್ಪತ್ತನಾಲ್ಕು ಮನೆಗಳಿವೆ, ನೆರೆಯವರು ಕೆಟ್ಟವರೇನಲ್ಲ. ಆದರೆ ಅವರು ಬಾಗಿಲು ತೆರೆಯದಿದ್ದರೆ ನಿಂತುಹೋಗುವ ಕೆಲಸ ಆ ಇಪ್ಪತ್ತನಾಲ್ಕು ಮನೆಗಳಲ್ಲಿ ಯಾವುದೂ ಇರಲಿಲ್ಲ. ಲೋಕಲ್ ಡಬ್ಬಿಯಲ್ಲಿ ಅಂಥದೊಂದು ಕೆಲಸವಿತ್ತು.

ಅಮೆರಿಕದ ಪ್ರಾಧ್ಯಾಪಕ ರಾಬರ್ಟ್ ಪಟ್ನಮ್ ಅವರು 2000ದಲ್ಲಿ ಹೊರತಂದ ‘ಬೌಲಿಂಗ್ ಅಲೋನ್’ ಎಂಬ ಪ್ರಸಿದ್ಧ ಗ್ರಂಥದಲ್ಲಿ ಇದಕ್ಕೆ ಸಮೀಪವಾದ ಒಂದು ಪ್ರಸಂಗವಿದೆ. ಮಿಷಿಗನ್ ರಾಜ್ಯದಲ್ಲಿ ಆಸ್ಪತ್ರೆಯ ನಿವೃತ್ತ ನೌಕರರೊಬ್ಬರು, 64 ವರ್ಷದವರು, ಬದಲಿ ಮೂತ್ರಪಿಂಡಕ್ಕಾಗಿ ಮೂರು ವರ್ಷಗಳಿಂದ ಕಾದಿದ್ದರು. 33 ವರ್ಷದ ಲೆಕ್ಕಿಗನೊಬ್ಬನಿಗೆ ಈ ವಿಷಯ ತಿಳಿದು ತನ್ನ ಒಂದು ಮೂತ್ರಪಿಂಡವನ್ನು ಕೊಡಲು ತಾನಾಗಿ ಮುಂದೆ ಬಂದನು. ಅವರಿಬ್ಬರ ಕುಲ ಬೇರೆ, ಬಣ್ಣ ಬೇರೆ, ವಯಸ್ಸು ಬೇರೆ. ಒಂದೇ ಚೆಂಡಾಟದ ಕೂಟದ ಸದಸ್ಯರೆಂಬುದನ್ನು ಬಿಟ್ಟರೆ ಅವರ ನಡುವೆ ಬೇರೆ ಸಂಬಂಧವಿರಲಿಲ್ಲ. ಅಮೆರಿಕನ್ನರು ಆಟವನ್ನು ಬಿಟ್ಟಿಲ್ಲ, ಕೂಡಿ ಆಡುವುದನ್ನು ಬಿಟ್ಟಿದ್ದಾರೆ ಎಂಬುದು ಆ ಗ್ರಂಥದ ದೂರು.

ಈಗ ಪ್ರತಿಫಲದ ಪ್ರಶ್ನೆಗೆ ಮರಳೋಣ. ಇಷ್ಟೊಂದು ದುಡಿಯುವವರಿಗೆ ಒಂದಿಷ್ಟು ಗೌರವಧನ ಕೊಟ್ಟರೆ ಇನ್ನೂ ಉತ್ಸಾಹದಿಂದ ದುಡಿಯುವರಲ್ಲವೇ ಎಂದು ನಮ್ಮ ಕಾರ್ಯಕಾರಿ ಸಮಿತಿಯ ಸಭೆಗಳಲ್ಲಿ ಆಗಾಗ ಸೂಚನೆ ಬರುತ್ತದೆ. 1971ರಲ್ಲಿ ಎಡ್ವರ್ಡ್ ಡೆಸಿ ಎಂಬ ಮನೋವಿಜ್ಞಾನಿಯು ವಿದ್ಯಾರ್ಥಿಗಳಿಗೆ ತುಂಡುಗಳನ್ನು ಜೋಡಿಸುವ ಒಂದು ಒಗಟಿನ ಆಟವನ್ನು ಕೊಟ್ಟು ಪರೀಕ್ಷಿಸಿದರು. ಕೆಲವರಿಗೆ ಬಿಡಿಸಿದ ಒಗಟಿಗೆ ಇಷ್ಟೆಂದು ಹಣ ಕೊಟ್ಟರು. ಉಳಿದವರಿಗೆ ಏನೂ ಕೊಡಲಿಲ್ಲ. ಹಣ ನಿಂತ ಮೇಲೆ, ಹಣ ಪಡೆದವರ ಆಸಕ್ತಿಯೂ ಇಳಿಯಿತು. ಪಡೆಯದವರು ಬಿಡುವಿನ ವೇಳೆಯಲ್ಲಿ ಆಟಕ್ಕೆ ಅವರಿಗಿಂತ ಹೆಚ್ಚು ಹೊತ್ತು ಕೊಟ್ಟರು. ಬ್ಯಾಂಕಿನವನ ಬಾಯಲ್ಲಿ ಹಣದ ನಿಂದೆ ಶೋಭಿಸದು. ಆದರೆ ಬೆಲೆ ಕಟ್ಟಿದ ಕೂಡಲೇ ಮನುಷ್ಯನು ಆ ಕೆಲಸವನ್ನು ಬೆಲೆಯಿಂದಲೇ ಅಳೆಯತೊಡಗುತ್ತಾನೆ. ತಾಳದ ಚೀಲ ಹೊರುವುದಕ್ಕೆ ದಿನಕ್ಕೆ ಹತ್ತು ರೂಪಾಯಿ ಎಂದರೆ ನಮ್ಮ ರಾಯರು ಮರುದಿನವೇ ಅದನ್ನು ಕೆಳಗಿಡುವರೆಂಬುದರಲ್ಲಿ ನನಗೆ ಸಂಶಯವಿಲ್ಲ.

ಕನ್ನಡ ವಿಕಿಪೀಡಿಯದ ಕೆಲಸವೂ ಇದೇ ತಳಹದಿಯ ಮೇಲೆ ನಿಂತಿದೆ. ಅಂತರ್ಜಾಲದಲ್ಲಿ ಕನ್ನಡದ ಆರಂಭಕ್ಕೂ ನಮ್ಮ ಈ ಮಹಾನಗರಕ್ಕೂ ನಂಟಿದೆಯೆಂಬುದು ನಮ್ಮಲ್ಲಿ ಅನೇಕರಿಗೆ ತಿಳಿಯದು. ಮುಂಬಯಿಯ ಭಾಭಾ ಪರಮಾಣು ಸಂಶೋಧನ ಕೇಂದ್ರದಲ್ಲಿ ವಿಜ್ಞಾನಿಯಾಗಿದ್ದ ಡಾ. ಯು. ಬಿ. ಪವನಜ ಅವರು 1996ರಲ್ಲಿ ‘ವಿಶ್ವಕನ್ನಡ’ವೆಂಬ ಅಂತರ್ಜಾಲ ಪತ್ರಿಕೆಯನ್ನು ಆರಂಭಿಸಿದರು, ಮುಂದೆ ಕನ್ನಡ ವಿಕಿಪೀಡಿಯಕ್ಕೆ ಜನರನ್ನು ಸೇರಿಸುವುದರಲ್ಲಿಯೂ ಶ್ರಮಿಸಿದರು. 2003ರಲ್ಲಿ ಮೊದಲಾದ ಕನ್ನಡ ವಿಕಿಪೀಡಿಯದಲ್ಲಿ ಈಗ ಮೂವತ್ತು ಸಾವಿರಕ್ಕೂ ಮಿಕ್ಕ ಲೇಖನಗಳಿವೆ. 2016ರಲ್ಲಿ ತುಳು ವಿಕಿಪೀಡಿಯವೂ ಸ್ವತಂತ್ರವಾಗಿ ಹೊರಬಂತು. 2011ರ ಜನಗಣತಿಯಂತೆ ಕನ್ನಡವನ್ನು ಮಾತೃಭಾಷೆಯೆಂದು ಬರೆಸಿದವರು 4.37 ಕೋಟಿ. ಅವರಲ್ಲಿ ವಿಕಿಪೀಡಿಯಕ್ಕೆ ನಿಯಮಿತವಾಗಿ ದುಡಿಯುವವರು ತೀರ ಅಲ್ಪಸಂಖ್ಯಾತರು; ಅಷ್ಟು ಜನರ ಬಿಡುವಿನ ವೇಳೆಯಿಂದ ಇಷ್ಟು ಕಾರ್ಯ ನಡೆದಿದೆ.

ಅಲ್ಲಿನ ವ್ಯವಸ್ಥೆ ಬ್ಯಾಂಕಿನವರಿಗೆ ತುಂಬ ಪರಿಚಿತವೆನಿಸುವಂಥದು. ಪ್ರತಿ ಲೇಖನಕ್ಕೂ ಒಂದು ಇತಿಹಾಸದ ಪುಟವಿದೆ. ಯಾರು, ಎಂದು, ಎಷ್ಟು ಗಂಟೆಗೆ, ಯಾವ ಅಕ್ಷರವನ್ನು ಸೇರಿಸಿದರು ಅಥವಾ ಅಳಿಸಿದರೆಂಬುದೆಲ್ಲ ಅಲ್ಲಿ ದಾಖಲಾಗಿರುತ್ತದೆ. ನಮ್ಮ ವೌಚರಿನ ಮೇಲೆ ಬರೆದವರ ಮತ್ತು ಪರಿಶೀಲಿಸಿದವರ ಸಹಿ ಇರುವಂತೆಯೇ ಇದು. ಹೊಸಬನೊಬ್ಬ ಒಂದು ಕಾಗುಣಿತವನ್ನು ತಿದ್ದಿದರೂ ಅವನ ಹೆಸರಿನಲ್ಲಿ ಒಂದು ಸಾಲು ಜಮೆಯಾಗುವುದು. ತುಮಕೂರಿನಲ್ಲಿಯೋ ದುಬೈಯಲ್ಲಿಯೋ ಕುಳಿತ ಇನ್ನೊಬ್ಬರು ಅದನ್ನು ನೋಡಿ, ಸರಿಯಿದ್ದರೆ ಉಳಿಸುವರು, ತಪ್ಪಿದ್ದರೆ ತಿದ್ದಿ ಕಾರಣ ಹೇಳುವರು. ಈ ಕಾರಣ ಹೇಳುವ ಧಾಟಿಯಲ್ಲಿಯೇ ಎಲ್ಲವೂ ಅಡಗಿದೆ. ಮೆಲ್ಲಗೆ ಹೇಳಿದರೆ ಹೊಸಬ ಮರುದಿನ ಮತ್ತೆ ಬರುತ್ತಾನೆ. ಗದರಿಸಿದರೆ ಅದೇ ಅವನ ಕೊನೆಯ ದಿನ. ಹಿರಿಯ ಸದಸ್ಯರ ಒರಟುತನದಿಂದ ಹಾಳಾದ ಕೂಟಗಳಷ್ಟು ಬಾಡಿಗೆ ಕಟ್ಟಲಾಗದೆ ಹಾಳಾದವು ಇರಲಾರವೆಂದು ನನ್ನ ಊಹೆ.

ಯಾವ ಕೂಟದಲ್ಲಿಯೂ ಮಾತನಾಡುವವರು ಕೆಲವರು, ಮೌನವಾಗಿ ನೋಡುವವರು ಬಹುಮಂದಿ. ಅಂತರ್ಜಾಲದ ಕೂಟಗಳ ಬಗ್ಗೆ ನೂರಕ್ಕೆ ತೊಂಬತ್ತು ಮಂದಿ ಬರಿಯ ನೋಡುಗರೆಂಬ ಸ್ಥೂಲ ಲೆಕ್ಕವೊಂದು ಬಳಕೆಯಲ್ಲಿದೆ. ನಮ್ಮ ಸಂಘದ ವಾರ್ಷಿಕ ಸಭೆಯ ಹಾಜರಿ ಪುಸ್ತಕವನ್ನು ತೆರೆದರೆ ಈ ಲೆಕ್ಕಕ್ಕೆ ಅಂತರ್ಜಾಲ ಬೇಕಾಗಿಲ್ಲವೆಂದು ತಿಳಿದೀತು. ಈ ಮೌನಿಗಳನ್ನು ನಿಷ್ಪ್ರಯೋಜಕರೆಂದು ಜರೆಯುವುದು ಸರಿಯಲ್ಲ. ಬ್ಯಾಂಕಿನಲ್ಲಿ ಎರಡು ವರ್ಷಕ್ಕೂ ಮೀರಿ ಗ್ರಾಹಕನು ತಾನಾಗಿ ವಹಿವಾಟು ನಡೆಸದ ಉಳಿತಾಯ ಖಾತೆಯನ್ನು ನಿಷ್ಕ್ರಿಯವೆಂದು ವರ್ಗೀಕರಿಸುತ್ತೇವೆ. ಹಣ ಮಾತ್ರ ಅವನದೇ; ಬಡ್ಡಿಯೂ ಸೇರುತ್ತಲೇ ಇರುತ್ತದೆ. ಬಂದು ಗುರುತಿನ ಪತ್ರ ಕೊಟ್ಟರೆ ಖಾತೆ ಮತ್ತೆ ಚಾಲನೆಗೆ ಬರುತ್ತದೆ. ಲೋಕಲ್ ಡಬ್ಬಿಯ ಬಾಗಿಲಲ್ಲಿ ನಿಂತು ವರ್ಷವಿಡೀ ಕೇಳಿದ ನಮ್ಮ ಫಿಟ್ಟರ್ ರಾಯರೂ ಒಂದು ಕಾಲದಲ್ಲಿ ಆ ತೊಂಬತ್ತರಲ್ಲಿಯೇ ಒಬ್ಬರಾಗಿದ್ದರಲ್ಲವೇ? ದಾರ ಹರಿಯುವ ದಿನಕ್ಕಾಗಿ ಕಾಯದೆ, ಯಾರಾದರೂ ಕರೆದು ಚೀಲವನ್ನು ಕೈಗಿತ್ತಿದ್ದರೆ ಇನ್ನೂ ಬೇಗ ಸೇರುತ್ತಿದ್ದರು.

ಫೋನಿನ ಮೂಲಕ ನಡೆಯುವ ಕೂಟಗಳು ನಿಜವಾದ ಕೂಟಗಳೇ ಅಲ್ಲವೆಂದು ವಾದಿಸುವವರಿದ್ದಾರೆ. 2020ರ ಮಾರ್ಚ್ 22ರ ರಾತ್ರಿಯಿಂದ ಮುಂಬಯಿಯ ಲೋಕಲ್ ಗಾಡಿಗಳು ನಿಂತುಹೋದುವು. ಜೂನ್ 15ರಿಂದ ಅಗತ್ಯ ಸೇವೆಯವರಿಗೆ ತೆರೆದುವಾದರೂ ಸಾಮಾನ್ಯ ಪ್ರಯಾಣಿಕರಿಗೆ ನಿಗದಿತ ವೇಳೆಗಳಲ್ಲಿ ಅವಕಾಶ ದೊರೆತುದು 2021ರ ಫೆಬ್ರವರಿ 1ರಿಂದ. ಆ ತಿಂಗಳುಗಳಲ್ಲಿ ಭಜನಾ ಮಂಡಳಿಯವರು ಫೋನಿನ ಪರದೆಯ ಮೇಲೆಯೇ ಕೂಡಲು ಯತ್ನಿಸಿದರು. ಆದರೆ ಒಬ್ಬರ ದನಿ ಇನ್ನೊಬ್ಬರನ್ನು ತಲಪುವುದರಲ್ಲಿ ಅರೆಕ್ಷಣ ತಡವಾಗುವುದು. ಹತ್ತು ಜನ ಒಟ್ಟಿಗೆ ತಾಳ ಹಾಕಿದರೆ ಹತ್ತು ತಾಳಗಳಾಗುವುವು. ಕೊನೆಗೆ ಒಬ್ಬರು ಹಾಡುವುದು, ಮಿಕ್ಕವರು ತಮ್ಮ ದನಿಯನ್ನು ಮುಚ್ಚಿಕೊಂಡು ತಮ್ಮ ತಮ್ಮ ಮನೆಯಲ್ಲಿ ತಾಳ ಹಾಕುವುದು ಎಂದು ಗೊತ್ತುಮಾಡಿಕೊಂಡರು. ಅದು ಭಜನೆಯಾಗಲಿಲ್ಲ, ಆದರೆ ಹಾಜರಿ ತಪ್ಪಲಿಲ್ಲ. ಮಾತೇ ಮುಖ್ಯವಾದ ತಾಳಮದ್ದಳೆಯ ಅರ್ಥಗಾರಿಕೆ ಮಾತ್ರ ಆ ಮಾಧ್ಯಮಕ್ಕೆ ಚೆನ್ನಾಗಿ ಒಗ್ಗಿತು. ಯಾವ ಹವ್ಯಾಸ ದೂರದಿಂದ ಸಾಗುವುದು, ಯಾವುದು ಸಾಗದು ಎಂಬುದನ್ನು ಅನುಭವದಿಂದಲೇ ಅರಿಯಬೇಕು. ಠಾಣೆ ಕೊಲ್ಲಿಯ ರಾಜಹಂಸಗಳನ್ನು ನೋಡಲು ಐರೋಲಿಗೆ ಹೋಗುವ ನಮ್ಮ ತರುಣರು ಹಕ್ಕಿಗಳ ಲೆಕ್ಕವನ್ನು ಇಬರ್ಡ್ ಎಂಬ ಅಂತರ್ಜಾಲದ ಸಾರ್ವಜನಿಕ ವಹಿಯಲ್ಲಿ ದಾಖಲಿಸುತ್ತಾರೆ. ಅವರಿಗೆ ಕೆಸರಿನ ದಂಡೆಯೂ ಬೇಕು, ಫೋನೂ ಬೇಕು.

ನಮ್ಮ ಕೈಗಾರಿಕಾ ವಲಯದ ರಾಸಾಯನಿಕ ಕಾರ್ಖಾನೆಗಳಲ್ಲಿ 2016ರ ಮೇ 26ರಂದೂ 2024ರ ಮೇ 23ರಂದೂ ಸಂಭವಿಸಿದ ಭೀಕರ ಸ್ಫೋಟಗಳನ್ನು ಮರೆತವರಿಲ್ಲ. ಎರಡು ಸಲವೂ ಅನೇಕರು ಪ್ರಾಣ ಕಳೆದುಕೊಂಡರು. ದೂರದ ಮನೆಗಳ ಕಿಟಕಿಗಾಜುಗಳು ಪುಡಿಯಾದುವು. ಎರಡನೆಯ ಸ್ಫೋಟದ ದಿನ ತಾರಸಿ ತೋಟದವರ ಕೂಟದಲ್ಲಿ ನಡೆದುದನ್ನು ಇಲ್ಲಿ ಹೇಳಬೇಕು. ಮೆಂತ್ಯದ ಬೀಜ, ಬೇವಿನ ಹಿಂಡಿಗಳ ಮಾತು ತುಂಬಿದ್ದ ಆ ಪಟ್ಟಿಯಲ್ಲಿ ಯಾರೋ ತಮ್ಮ ಹೆಸರು ಬರೆದು ಮುಂದೆ ‘ಕ್ಷೇಮ’ ಎಂದು ಹಾಕಿದರು. ಅದರ ಕೆಳಗೆ ಇನ್ನೊಂದು ಹೆಸರು, ಮತ್ತೊಂದು ಹೆಸರು. ಕನ್ನಡ, ಮರಾಠಿ, ಮಲಯಾಳಂ, ಯಾವ ಲಿಪಿ ಬರುವುದೋ ಅದರಲ್ಲಿ. ಸಂಜೆಯ ಹೊತ್ತಿಗೆ ಮೂರು ಹೆಸರುಗಳು ಉಳಿದುವು. ಇಬ್ಬರನ್ನು ಮನೆಗೆ ಹೋಗಿ ಕಂಡುಕೊಂಡರು. ಮೂರನೆಯವರು ಊರಿಗೆ ಹೋಗಿ ಘಟ್ಟದ ಕೆಳಗೆ ಸಂಪರ್ಕವಿಲ್ಲದ ಕಡೆ ಇದ್ದರು. ಮರುದಿನ ಮಧ್ಯಾಹ್ನ ಅವರಿಂದ ಉತ್ತರ ಬರುವವರೆಗೆ ಯಾರೂ ಗಿಡದ ವಿಷಯ ಎತ್ತಲಿಲ್ಲ. ಆ ಪಟ್ಟಿಯನ್ನು ಯಾರೂ ಅಪಘಾತಕ್ಕೆಂದು ಸಿದ್ಧಪಡಿಸಿರಲಿಲ್ಲ. ಬಸಳೆ ಕಡ್ಡಿ ಹಂಚುವುದಕ್ಕಾಗಿ ಬರೆದಿಟ್ಟ ಹೆಸರುಗಳವು.

ಇಷ್ಟು ಹೇಳಿದ ಮೇಲೆ ನನ್ನ ವೃತ್ತಿಗೆ ಸಂಬಂಧಿಸಿದ ಒಂದು ಎಚ್ಚರಿಕೆಯನ್ನು ಹೇಳದಿದ್ದರೆ ಕರ್ತವ್ಯಲೋಪವಾದೀತು. ಕೂಟಕ್ಕೆ ಸೇರಬೇಕೆಂಬ ಮನುಷ್ಯನ ಹಂಬಲವನ್ನು ವಂಚಕರೂ ಚೆನ್ನಾಗಿ ಬಲ್ಲರು. ಪರಿಚಯವಿಲ್ಲದವರು ಒಂದು ದಿನ ನಿಮ್ಮನ್ನು ಷೇರು ವ್ಯವಹಾರದ ಅಭ್ಯಾಸಕೂಟವೊಂದಕ್ಕೆ ತಾವಾಗಿ ಸೇರಿಸುತ್ತಾರೆ. ಅಲ್ಲಿ ಬೆಳಿಗ್ಗೆ ಶುಭೋದಯ, ಹಬ್ಬಕ್ಕೆ ಶುಭಾಶಯ, ಆರೋಗ್ಯದ ವಿಚಾರಣೆ. ನೂರು ಮಂದಿ ತಮಗೆ ಬಂದ ಲಾಭವನ್ನು ವರ್ಣಿಸುತ್ತಿರುತ್ತಾರೆ. ಆ ನೂರರಲ್ಲಿ ತೊಂಬತ್ತೈದು ಮಂದಿ ವಂಚಕರ ಕಡೆಯವರೇ ಆಗಿರಬಹುದು. ಒಂಟಿಯಾಗಿರುವ ನಿವೃತ್ತರು ದುರಾಸೆಯಿಂದ ಮಾತ್ರ ಮೋಸಹೋಗುತ್ತಾರೆನ್ನುವುದು ನಿಜವಲ್ಲ. ತಮ್ಮನ್ನು ಪ್ರತಿದಿನ ಮಾತನಾಡಿಸುವ ಜನ ಅಲ್ಲಿ ಸಿಕ್ಕಿದರೆಂಬುದೂ ಒಂದು ಕಾರಣ. ಠೇವಣಿಯನ್ನು ಅವಧಿಗೆ ಮುನ್ನವೇ ಮುರಿಸಲು ಬಂದವರನ್ನು ಏಕೆಂದು ಕೇಳಿದಾಗ, “ಅವರು ನಮ್ಮ ಗ್ರೂಪಿನವರು ಸಾರ್” ಎಂಬ ಉತ್ತರವನ್ನು ನಾನು ಕೇಳಿದ್ದೇನೆ. ಹವ್ಯಾಸದ ಕೂಟ ನಿಮ್ಮಿಂದ ವೇಳೆಯನ್ನು ಕೇಳುವುದು, ಹೆಚ್ಚೆಂದರೆ ಚಹಾಕ್ಕೆ ಚಂದಾ ಕೇಳುವುದು. ನಿಮ್ಮ ಉಳಿತಾಯವನ್ನು ಬೇರೊಂದು ಖಾತೆಗೆ ವರ್ಗಾಯಿಸಲು ಅದು ಹೇಳುವುದಿಲ್ಲ. ಹಣ ಹೋದುದು ತಿಳಿದ ಕೂಡಲೇ ಸಂಕೋಚಪಡದೆ 1930 ಸಂಖ್ಯೆಗೆ ಫೋನು ಮಾಡಿ ದೂರು ದಾಖಲಿಸಬೇಕು. ಮೊದಲ ಕೆಲವು ಗಂಟೆಗಳಲ್ಲಿ ತಿಳಿಸಿದರೆ ಹಣವನ್ನು ತಡೆಹಿಡಿಯುವ ಸಾಧ್ಯತೆ ಹೆಚ್ಚು.

ಕೊನೆಯದಾಗಿ ನಮ್ಮ ಸಂಘದ ವಿಷಯ. ಪಲಾವಾ ಕಡೆಯ ಹೊಸ ಬಡಾವಣೆಗಳಿಗೆ ಬಂದು ನೆಲೆಸಿದ ಕನ್ನಡದ ತರುಣ ದಂಪತಿಗಳು ನವೆಂಬರ್ ತಿಂಗಳ ಕಾರ್ಯಕ್ರಮಕ್ಕೆ ಬರುತ್ತಾರೆ, ಸದಸ್ಯತ್ವದ ಅರ್ಜಿಯನ್ನೂ ತುಂಬುತ್ತಾರೆ, ಮುಂದಿನ ವರ್ಷ ಕಾಣುವುದಿಲ್ಲ. ನಾವು ಅವರಿಂದ ಅರ್ಜಿ ಪಡೆದು ರಸೀತಿ ಕೊಡುತ್ತೇವೆ, ಊಟವನ್ನೂ ಕೊಡುತ್ತೇವೆ. ಕೆಲಸವನ್ನು ಮಾತ್ರ ಕೊಡುವುದಿಲ್ಲ. ಅತಿಥಿಗಳಿಗೆ ತೊಂದರೆಯೇಕೆ ಎಂಬುದು ನಮ್ಮ ಸೌಜನ್ಯ. ಈ ವರ್ಷ ಅದನ್ನು ಸ್ವಲ್ಪ ಬದಲಾಯಿಸುವ ಆಲೋಚನೆಯಿದೆ. ಈ ಸಂಚಿಕೆಯ ಕೊನೆಯ ಪುಟದಲ್ಲಿ ಉಪಸಮಿತಿಗಳ ಸಂಚಾಲಕರ ಹೆಸರುಗಳಿವೆ. ಹಾಡಲು ಬಾರದವರನ್ನು, ಕುಣಿಯಲು ಬಾರದವರನ್ನು ವಿಶೇಷವಾಗಿ ಕಂಡು ಮಾತನಾಡಿಸಬೇಕೆಂದು ಅವರನ್ನು ಕೇಳಿಕೊಂಡಿದ್ದೇನೆ. ತಾಲೀಮಿನ ದಿನ ಬೀಗದ ಕೈ ತರಲು, ವೇಷಭೂಷಣದ ಪೆಟ್ಟಿಗೆಯ ಲೆಕ್ಕ ಇಡಲು, ಧ್ವನಿವರ್ಧಕದ ತಂತಿಯನ್ನು ಸುತ್ತಿಡಲು ನಮ್ಮಲ್ಲಿ ಜನ ಸಾಲದು.